ಸುಣ್ಣ ಉಳಿಯಿತು, ಜಿಪ್ಸಂ ಇಳಿಯಿತು

ಮಣ್ಣಿನಲ್ಲಿ ಜಿಪ್ಸಂ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಮಳೆ. ಕ್ಯಾಲ್ಸಿಯಂ, ಗಂಧಕ, ಆಮ್ಲಜನಕ ಕೂಡಿ ಆದ ಈ ಖನಿಜ ತನ್ನ ತೂಕದ ಐದನೇ ಒಂದು ಪಾಲಿನಷ್ಟು ನೀರನ್ನು ಹರಳಿನೊಳಗೇ ಹಿಡಿದಿಟ್ಟುಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಗೆರೆ ಬೀಳುವಷ್ಟು ಮೆದು. ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು ಎರಡೂವರೆ ಗ್ರಾಂ. ಅಷ್ಟೇ ನೀರಿನಲ್ಲಿ ಅಡುಗೆ ಉಪ್ಪು 350 ಗ್ರಾಂಗೂ ಮೀರಿ ಕರಗುತ್ತದೆ. ಸುಣ್ಣದ ಕಲ್ಲಾದರೆ, ಶುದ್ಧ ನೀರಿನಲ್ಲಿ, ಗ್ರಾಮಿನ ನೂರನೇ ಒಂದು ಪಾಲಿನ ಆಸುಪಾಸು ಮಾತ್ರ. ಹೀಗಾಗಿ ಮಳೆನೀರು ನೆಲಕ್ಕಿಳಿದಾಗ ಮೊದಲು ಕೊಚ್ಚಿಹೋಗುವುದು ಉಪ್ಪು, ಅದರ ಹಿಂದೆ ಜಿಪ್ಸಂ, ಎಲ್ಲಕ್ಕೂ ಕೊನೆಗೆ ಸುಣ್ಣ. ಒಂದು ಸೀಮೆಯ ಮಣ್ಣಿನಲ್ಲಿ ಇವುಗಳಲ್ಲಿ ಯಾವುದು ಉಳಿದಿದೆ ಎಂದು ನೋಡಿದರೆ ಅಲ್ಲಿ ಎಷ್ಟು ಕಾಲ, ಎಷ್ಟು ಮಳೆ ಬಿದ್ದಿದೆ ಎಂಬುದರ ಅಂದಾಜು ಸಿಗುತ್ತದೆ.

ಮಳೆ ತೀರಾ ಕಡಿಮೆ ಇರುವ, ಬುಡದಲ್ಲಿ ಜಿಪ್ಸಂ ಬಂಡೆ ಅಥವಾ ಗಂಧಕದ ಅಂಶವಿರುವ ಅಂತರ್ಜಲ ಇರುವ ಕಡೆ ಜಿಪ್ಸಂ ಮಣ್ಣು ರೂಪುಗೊಳ್ಳುತ್ತದೆ. ಸ್ಪೇನಿನ ಎಬ್ರೊ ಕಣಿವೆ, ಇರಾಕ್, ಸಿರಿಯಾ, ಸೊಮಾಲಿಯಾ, ಅಮೆರಿಕದ ನ್ಯೂ ಮೆಕ್ಸಿಕೊ ಇದರ ಹೆಸರಾಂತ ನೆಲೆಗಳು. ಭಾರತದಲ್ಲಿ ಬಿಕಾನೇರ್, ನಾಗೌರ್ ಸೀಮೆ. ಮಣ್ಣುವಿಜ್ಞಾನದ ಲೆಕ್ಕದಲ್ಲಿ ಒಂದು ಪದರ ಜಿಪ್ಸಂ ಪದರ ಎನಿಸಿಕೊಳ್ಳಬೇಕಾದರೆ ಅದರಲ್ಲಿ ಕನಿಷ್ಠ ಶೇ 5ರಷ್ಟು ಜಿಪ್ಸಂ ಇರಬೇಕು, ದಪ್ಪ ಕನಿಷ್ಠ 15 ಸೆಂಟಿಮೀಟರ್ ಇರಬೇಕು. ಅಲ್ಪ ಪ್ರಮಾಣದಲ್ಲಿದ್ದರೆ ಅದು ಬೆಳೆಗೆ ಒಳ್ಳೆಯದೇ. ಶೇ 25 ದಾಟಿತೆಂದರೆ ಬೇರಿಗೆ ಜಾಗ ಸಿಗುವುದಿಲ್ಲ, ರಂಜಕವೂ ಪೊಟ್ಯಾಷಿಯಮ್ಮೂ ಸಾಲುವುದಿಲ್ಲ, ಇಳುವರಿ ಕುಸಿಯುತ್ತದೆ. ಮೇಲ್ಮೈ ಹೆಪ್ಪುಗಟ್ಟಿ, ಅದರ ಮೇಲೆ ಕಲ್ಲುಹೂವು, ಹಾವಸೆ, ನೀಲಿ-ಹಸಿರು ಪಾಚಿಗಳ ತೆಳುವಾದ ಜೀವಂತ ಹೊದಿಕೆ ಬೆಳೆಯುತ್ತದೆ. ಗಾಳಿಗೆ ಮಣ್ಣು ಹಾರದಂತೆ ಕಾಯುವುದು ಆ ಹೊದಿಕೆಯೇ. ದನದ ಗೊರಸಿಗೆ ಅದು ಒಡೆದರೆ ಮತ್ತೆ ಕೂಡಿಕೊಳ್ಳಲು ವರ್ಷಗಟ್ಟಲೆ ಬೇಕು. ಇಂಥ ನೆಲಕ್ಕೇ ಒಗ್ಗಿದ ಸಸ್ಯಗಳೂ ಇವೆ. ಸ್ಪೇನಿನ ಹೆಲಿಯಾಂಥೆಮಮ್ ಸ್ಕ್ವಾಮಾಟಮ್ ಎಂಬ ಕುರುಚಲು ಗಿಡ ಬೇಸಿಗೆಯಲ್ಲಿ ಬಹುಪಾಲು ನೀರನ್ನು ಜಿಪ್ಸಂ ಹರಳಿನೊಳಗಿಂದಲೇ ಪಡೆಯುತ್ತದೆ ಎಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಕಲ್ಲಿನೊಳಗಿನ ನೀರನ್ನು ಗಿಡವೊಂದು ಕುಡಿದು ಬದುಕುತ್ತದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ನೀರಾವರಿಗೆ ಈ ನೆಲ ಅಪಾಯಕಾರಿ. ಕಾಲುವೆಯ ನೀರು ತಳದ ಜಿಪ್ಸಂ ಕರಗಿಸಿ ನೆಲ ಕುಸಿಯುವಂತೆ ಮಾಡುತ್ತದೆ, ಸಿಮೆಂಟನ್ನೂ ತಿನ್ನುತ್ತದೆ. ಇರಾಕಿನ ಮೋಸುಲ್ ಅಣೆಕಟ್ಟಿನ ಅಡಿಪಾಯದಲ್ಲಿ ಜಿಪ್ಸಂ ಇರುವುದರಿಂದ, 1980ರ ದಶಕದಲ್ಲಿ ಅದು ಕಟ್ಟಿ ಮುಗಿದಂದಿನಿಂದಲೂ ತಳಕ್ಕೆ ಮತ್ತೆ ಮತ್ತೆ ಸಿಮೆಂಟ್ ಗಾರೆ ತುಂಬಬೇಕಾಗಿ ಬಂದಿದೆ.

ಹಾವೇರಿ ಜಿಲ್ಲೆಯಲ್ಲಿ ಕಥೆ ಬೇರೆ. ಇಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಇಳಿಯುತ್ತ ಹೋಗುತ್ತದೆ. ಅಕ್ಕಿಆಲೂರು, ಹಾನಗಲ್ಲ ಸುತ್ತಲಿನದು ಮಲೆನಾಡಿನ ಸೆರಗು: ಕೆರೆ, ಭತ್ತದ ಗದ್ದೆ, ಮಾವಿನ ತೋಪು. ಸವಣೂರು, ರಾಣೆಬೆನ್ನೂರಿನ ಕಡೆ ಹೋದರೆ ಎರೆ ಎಂಬ ಕಪ್ಪು ಮಣ್ಣು, ಕೆಂಪು ಮಸಾರಿ, ಕಲ್ಲು ಮಡ್ಡಿಗಳ ಬಯಲುಸೀಮೆ. ಅಡಿಯಲ್ಲಿರುವುದು ಧಾರವಾಡ ಪದರಶಿಲೆ. ಕಡಲು ಅಥವಾ ಉಪ್ಪುಕೆರೆ ಬತ್ತಿ ಉಂಟಾಗುವ ಜಿಪ್ಸಂ ಬಂಡೆ ಅಲ್ಲ. ಗಂಧಕದ ಮೂಲ ಬಡವಾಗಿರುವುದರಿಂದಲೂ, ಇದ್ದಷ್ಟನ್ನು ಮಳೆ ಕೆಳಕ್ಕೆ ಒಯ್ಯುವುದರಿಂದಲೂ ಇಲ್ಲಿನ ಎರೆಯಲ್ಲಿ ಅಗೆದಾಗ ಕೈಗೆ ಸಿಗುವ ಬಿಳಿ ಹರಳು ಸಾಮಾನ್ಯವಾಗಿ ಸುಣ್ಣದ್ದು. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಅದು ನೊರೆಯುಕ್ಕಿಸುತ್ತದೆ. ಜಿಪ್ಸಂ ಆದರೆ ನೊರೆ ಬರುವುದಿಲ್ಲ.

ಮೇಲ್ನೋಟಕ್ಕೆ ಸುಣ್ಣವಿರುವ ಎರೆ ಫಲವತ್ತಾಗಿಯೇ ಕಾಣುತ್ತದೆ. ಆದರೆ ಒಣ ಸೀಮೆಯಲ್ಲಿ ಸುಣ್ಣ ಹರಳುಗಟ್ಟುತ್ತ ಹೋಗುವುದೆಂದರೆ ಮಣ್ಣಿನ ನೀರಿನಲ್ಲಿದ್ದ ಕ್ಯಾಲ್ಸಿಯಂ ಗಟ್ಟಿಯಾಗಿ ಕೂರುವುದು. ತೆರವಾದ ಜಾಗಕ್ಕೆ ಸೋಡಿಯಂ ಬರುತ್ತದೆ, ಜೇಡಿಕಣಗಳಿಗೆ ಅಂಟಿಕೊಳ್ಳುತ್ತದೆ. ಆಗ ಕಣಗಳು ಒಂದನ್ನೊಂದು ಬಿಟ್ಟು ನೀರಿನಲ್ಲಿ ತೇಲಾಡಿ, ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಮಳೆ ಬಂದರೆ ಕೆಸರು, ಬಿಸಿಲಿಗೆ ಕಲ್ಲು. ಇದೇ ರೈತರು ಕರ್ಲು ಎನ್ನುವ ಭೂಮಿ. ಕಣಗಳಿಗೆ ಅಂಟಿದ ಒಟ್ಟು ಅಂಶದಲ್ಲಿ ಸೋಡಿಯಂ ಪಾಲು ಶೇ 15 ಮೀರಿದರೆ ಮಣ್ಣು ಕೆಟ್ಟಿತೆಂಬುದು ಪಠ್ಯಪುಸ್ತಕದ ಲೆಕ್ಕ. ಹಿಗ್ಗಿ ಕುಗ್ಗುವ ನಮ್ಮ ಎರೆಯಲ್ಲಿ ಅದಕ್ಕಿಂತ ಬಹಳ ಮೊದಲೇ ನೀರು ಇಂಗುವುದು ನಿಧಾನವಾಗುತ್ತದೆ. ಮಣ್ಣು ಪರೀಕ್ಷೆಯ ಚೀಟಿ ಓದುವಾಗ ಇದನ್ನು ಮರೆಯಬಾರದು.

ಇಲ್ಲೇ ಜಿಪ್ಸಂನ ನಿಜವಾದ ಬೆಲೆ ತಿಳಿಯುವುದು. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯಲ್ಲಿ ಡಿ.ಕೆ. ಪಾಲ್ ಮತ್ತು ಸಂಗಡಿಗರು ಬೇರೆ ಬೇರೆ ಕಡೆಯ ಎರೆಗಳನ್ನು ಹೋಲಿಸಿ ನೋಡಿದಾಗ ತಮಿಳುನಾಡಿನ ಕೋವಿಲ್‌ಪಟ್ಟಿಯ ಎರೆ ಬೇರೆಯಾಗಿ ಎದ್ದು ಕಂಡಿತು. ಅದೂ ಅರೆಶುಷ್ಕ ಸೀಮೆಯೇ, ಅಲ್ಲೂ ಸುಣ್ಣವಿದೆ. ಜೊತೆಗೆ ಮಣ್ಣಿನಲ್ಲಿ ಸಹಜವಾಗಿಯೇ ಜಿಪ್ಸಂ ಇದೆ. ಅದು ತುಸು ತುಸುವಾಗಿ ಕರಗಿ ಕ್ಯಾಲ್ಸಿಯಂ ಒದಗಿಸುತ್ತಲೇ ಇರುವುದರಿಂದ ಸೋಡಿಯಂ ಮೇಲುಗೈ ಪಡೆದಿಲ್ಲ, ನೀರು ಸಲೀಸಾಗಿ ಇಂಗುತ್ತದೆ. ಅದೇ ಹವಾಮಾನದ, ಆದರೆ ಜಿಪ್ಸಂ ಇಲ್ಲದ ಎರೆಗಳು ಕೆಡುವ ಹಾದಿಯಲ್ಲಿವೆ.

ಹುಲ್ಲುಗಾವಲಿನಲ್ಲಿ ಈ ಕೆಡುಕು ಹೊಲಕ್ಕಿಂತ ತಡವಾಗಿ ಕಣ್ಣಿಗೆ ಬೀಳುತ್ತದೆ. ನೇಗಿಲು ತಾಗದ ಮಡ್ಡಿ, ಗಾಯರಾಣಗಳಲ್ಲಿ ಮೊದಲು ಒಳ್ಳೆಯ ಮೇವಿನ ಹುಲ್ಲು ತೆಳುವಾಗುತ್ತದೆ, ತಗ್ಗಿನಲ್ಲಿ ಬೂದು ಬಣ್ಣದ ಬೋಳು ತೇಪೆಗಳು ಏಳುತ್ತವೆ, ಸುತ್ತ ಗರಿಕೆಯಷ್ಟೇ ಉಳಿಯುತ್ತದೆ. ಅಗಸರು ಬಟ್ಟೆ ಒಗೆಯಲು ಒಯ್ಯುತ್ತಿದ್ದ ಸವಳು ಮಣ್ಣು ಇಂಥ ತೇಪೆಗಳದ್ದೇ. ಆಮೇಲೆ ಬರುವುದು ಬಳ್ಳಾರಿ ಜಾಲಿ. ಸೋಡಿಯಂ ನೆಲದಲ್ಲೂ ಬೇರು ಬಿಡುತ್ತದೆಂದು ಅದನ್ನು ಶಿಫಾರಸು ಮಾಡಿದ್ದುಂಟು. ಕುರಿ, ದನ, ಕೃಷ್ಣಮೃಗ ಮೇಯುವ ಬಯಲಿಗೆ ಮಾತ್ರ ಅದು ಕೆಟ್ಟ ವಿನಿಮಯ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ವಿಸ್ತಾರದ ಕೃಷ್ಣಮೃಗ ಅಭಯಾರಣ್ಯದ ದೊಡ್ಡ ಪಾಲು ನೀಲಗಿರಿ ನೆಡುತೋಪಾಗಿದೆ. ಬಯಲಿನಲ್ಲಿ ಬದುಕುವ ಪ್ರಾಣಿಗೆ ಬೇಕಿರುವುದು ಹುಲ್ಲು, ಮರವಲ್ಲ.

ಹೊಲಕ್ಕೆ ಜಿಪ್ಸಂ ಬರುವುದು ಚೀಲದಲ್ಲಿ. ದೇಶದ ಖನಿಜ ಜಿಪ್ಸಂ ಬಹುತೇಕ ರಾಜಸ್ಥಾನದ್ದು. ರಸಗೊಬ್ಬರ ಕಾರ್ಖಾನೆಗಳ ಉಪೋತ್ಪನ್ನವಾದ ಫಾಸ್ಫೋಜಿಪ್ಸಂ ಕೂಡ ಬಳಕೆಯಲ್ಲಿದೆ. ಶೇಂಗಾಕ್ಕೆ ಹೆಕ್ಟೇರಿಗೆ 500 ಕಿಲೋ ಕೊಡುವುದು ರೂಢಿಯ ಶಿಫಾರಸು. ಅದಕ್ಕೆ ಖಚಿತ ಕಾರಣವಿದೆ: ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಏರುತ್ತದೆಯೇ ಹೊರತು ಮಣ್ಣಿನೊಳಗಿನ ಕಾಯಿಗೆ ಇಳಿಯುವುದಿಲ್ಲ. ಕಾಯಿ ತನ್ನ ಸಿಪ್ಪೆಯ ಮೂಲಕವೇ ಸುತ್ತಲಿನ ಮಣ್ಣಿನಿಂದ ಅದನ್ನು ಪಡೆಯಬೇಕು. ಸಿಗದಿದ್ದರೆ ಕಾಯಿ ಜೊಳ್ಳು. ಆದ್ದರಿಂದಲೇ ಹೂ ಬಿಟ್ಟು ತೊಟ್ಟು ಮಣ್ಣಿಗೆ ಇಳಿಯುವ ಹೊತ್ತಿಗೆ ಗಿಡದ ಬುಡಕ್ಕೆ ಹಾಕಿ ಮಣ್ಣೇರಿಸುತ್ತಾರೆ.

ಆದರೆ ಹಾನಗಲ್ಲಿನ ಪಶ್ಚಿಮಕ್ಕಿರುವ ಹುಳಿ ಗುಣದ ಕೆಂಪು ಮಣ್ಣಿಗೆ ಬೇಕಿರುವುದು ಸುಣ್ಣ. ಜಿಪ್ಸಂ ಹುಳಿಯನ್ನು ತಗ್ಗಿಸುವುದಿಲ್ಲ. ಎರಡೂ ಬಿಳಿ ಪುಡಿ, ಎರಡರಲ್ಲೂ ಕ್ಯಾಲ್ಸಿಯಂ ಎಂದು ಒಂದರ ಬದಲು ಇನ್ನೊಂದು ಹಾಕಿದರೆ ಹಣ ಮಣ್ಣುಪಾಲು.

ಕರ್ಲು ಭೂಮಿಯ ಸುಧಾರಣೆಗೆ ಟನ್ನುಗಟ್ಟಲೆ ಜಿಪ್ಸಂ ಬೇಕು. ಎಷ್ಟೆಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಸಂಶಯವಿದ್ದರೆ ಮನೆಯಲ್ಲೇ ಸುಳಿವು ಸಿಗುತ್ತದೆ: ಒಣಗಿದ ಮಣ್ಣಿನ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಅಲುಗಿಸದೆ ಇಟ್ಟಾಗ, ಅದರ ಸುತ್ತ ನೀರು ಹಾಲಿನಂತೆ ಕದಡಿದರೆ ಸೋಡಿಯಂ ಹೆಚ್ಚಿರಬಹುದು. ಎರೆಯಲ್ಲಿ ಇನ್ನೊಂದು ದಾರಿಯೂ ಇದೆ. ಸುಣ್ಣ ಮೊದಲೇ ಇರುವ ಮಣ್ಣಿಗೆ ಗಂಧಕ ಬೆರೆಸಿದರೆ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿಸಿ, ಆ ಆಮ್ಲ ಸುಣ್ಣವನ್ನು ಕರಗಿಸಿ ಮಣ್ಣಿನಲ್ಲೇ ಜಿಪ್ಸಂ ಆಗುತ್ತದೆ. ಸೆಣಬು, ಡಯಾಂಚದಂಥ ಹಸಿರೆಲೆ ಗೊಬ್ಬರ ಕೊಳೆಯುವಾಗ ಹೊರಡುವ ಇಂಗಾಲಾಮ್ಲವೂ ಸುಣ್ಣವನ್ನು ಕರಗಿಸುತ್ತದೆ, ನಿಧಾನವಾಗಿ. ಯಾವ ದಾರಿ ಹಿಡಿದರೂ ಕ್ಯಾಲ್ಸಿಯಂ ಕಿತ್ತುಹಾಕಿದ ಸೋಡಿಯಂ ಹೊಲದಿಂದ ಆಚೆ ಹೋಗಬೇಕು. ಬಸಿಗಾಲುವೆ ತೋಡದೆ, ಒಡ್ಡು ಕಟ್ಟಿ ಮಳೆನೀರನ್ನು ಇಂಗಿಸದೆ ಸುರಿದ ಜಿಪ್ಸಂನಿಂದ ಬಿಡುಗಡೆಯಾದ ಸೋಡಿಯಂ ಬೇರಿನ ಬುಡದಲ್ಲೇ ಉಳಿದು, ಬೇಸಿಗೆಯ ಬಿಸಿಲಿಗೆ ನೀರಿನೊಂದಿಗೆ ಮತ್ತೆ ಮೇಲಕ್ಕೆ ಬರುತ್ತದೆ. ಕಾಲುವೆ ನೀರಾವರಿಗೆ ಒಳಪಟ್ಟ ತಗ್ಗಿನ ಎರೆ ಹೊಲಗಳಲ್ಲಿ ಮೊದಲ ವೆಚ್ಚ ಬಸಿಗಾಲುವೆಗೆ, ಜಿಪ್ಸಂಗೆ ಅದರ ನಂತರ.