ಮಕ್ಕಳ ಬೊಜ್ಜು ಮತ್ತು ಹೃದಯದ ಆರೋಗ್ಯ

ಮಗು ದುಂಡಗಿದ್ದರೆ ಆರೋಗ್ಯವಾಗಿದೆಯೆಂದು ಹಿರಿಯರು ಹಿಗ್ಗುವುದು ವಾಡಿಕೆ. ಆದರೆ ಹೃದ್ರೋಗದ ಬೀಜ ಬಾಲ್ಯದಲ್ಲಿಯೇ ಬೀಳಬಲ್ಲದು. ಅಮೆರಿಕದ ಬೊಗಲೂಸಾ ಪಟ್ಟಣದಲ್ಲಿ 1973ರಲ್ಲಿ ಡಾ. ಬೆರೆನ್ಸನ್ ಅವರು ಮಕ್ಕಳ ಹೃದಯವನ್ನು ಕುರಿತ ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿದರು. ಹೆಚ್ಚಾಗಿ ಅಪಘಾತಗಳಲ್ಲಿ ಮೃತಪಟ್ಟ ಅಲ್ಲಿನ ಮಕ್ಕಳು ಹಾಗೂ ತರುಣರ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬಿನ ಗೆರೆಗಳು ಕಂಡುಬಂದವು. ಬೊಜ್ಜು, ರಕ್ತದೊತ್ತಡ, ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಇವು ಹೆಚ್ಚಾಗಿದ್ದವು.

ಹೊಟ್ಟೆಯ ಸುತ್ತ ಸೇರುವ ಕೊಬ್ಬು ಹೆಚ್ಚು ಅಪಾಯಕಾರಿ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. 6 ವರ್ಷ ಮೀರಿದ ಮಗುವಿನ ಎತ್ತರದಷ್ಟು ದಾರವನ್ನು ಅಳೆದು, ಅದರ ಅರ್ಧವನ್ನು ಸೊಂಟಕ್ಕೆ ಸುತ್ತಬೇಕು. ತುದಿಗಳು ಕೂಡದಿದ್ದರೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಉದಾಹರಣೆಗೆ, 120 ಸೆಂ.ಮೀ. ಎತ್ತರದ ಮಗುವಿನ ಸೊಂಟದ ಸುತ್ತಳತೆ 60 ಸೆಂ.ಮೀ.ಗಿಂತ ಕಡಿಮೆಯಿರಬೇಕು.

ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಬಾರದು. ಕರಿದ ತಿಂಡಿ, ಸಿಹಿ ಪಾನೀಯಗಳನ್ನು ಕಡಿಮೆ ಮಾಡಿ ರಾಗಿ, ಕಾಳು, ಸೊಪ್ಪು, ತರಕಾರಿಗಳನ್ನು ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿರುವಂತೆ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಅಗತ್ಯ. ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಿಂದ ಮೈಗೆಲಸ ಕಡಿಮೆಯಾಗಿರುವ ರೈತ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ಕಬಡ್ಡಿ, ಕೊಕ್ಕೊ, ಓಟ, ಸೈಕಲ್ ಸವಾರಿ ಯಾವುದಾದರೂ ಸರಿ. ತೆಳ್ಳಗಿರುವ ಮಗುವಿಗೂ ಆಟ ಬೇಕು. ಮೈ ದಣಿದಷ್ಟೂ ಹೃದಯ ಗಟ್ಟಿಯಾಗುತ್ತದೆ.