ಕಾಣದ ಸೋರಿಕೆಗೆ ಕೆಂಪು ದೀಪದ ಕಾವಲು: ಸೂಕ್ಷ್ಮ ವಿದ್ಯುತ್ ತೋರುವ ಸರಳ ಸೂಚಕ

ಕೊಲ್ಹಾರ: ಸಮೀಪದ ಕೂಡಗಿ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 2,400 ಮೆಗಾವಾಟ್, ಆಲಮಟ್ಟಿ ಜಲವಿದ್ಯುದಾಗಾರದ್ದು 290 ಮೆಗಾವಾಟ್. ಇಂತಹ ದೊಡ್ಡ ಲೆಕ್ಕದ ವಿದ್ಯುತ್ತಿನ ನಡುವೆ ಆಂಪಿಯರಿನ ಸಾವಿರದ ಒಂದು ಪಾಲು, ಅಂದರೆ ಒಂದು ಮಿಲಿಆಂಪಿಯರ್, ಯಾರ ಗಮನಕ್ಕೂ ಬಾರದು. ಆದರೆ ಮನೆಯ ಬ್ಯಾಟರಿ ಉಳಿಯುವುದೂ ಕೆಡುವುದೂ ಅನೇಕ ವೇಳೆ ಈ ಸಣ್ಣ ಪ್ರವಾಹವನ್ನೇ ಅವಲಂಬಿಸಿರುತ್ತದೆ.

ವಿಜಾಪುರ ಸೀಮೆಯಲ್ಲಿ ದುಡಿಮೆಗಾಗಿ ತಿಂಗಳುಗಟ್ಟಲೆ ಊರು ಬಿಡುವ ಕುಟುಂಬಗಳಿಗೆ ಹಿಂತಿರುಗಿದಾಗ ಸೌರ ಕಂದೀಲು ಬೆಳಗದಿರುವುದು ಹೊಸತಲ್ಲ. ಸ್ವಿಚ್ ಆರಿಸಿದ್ದರೂ ಒಳಗಿನ ಮಂಡಲ ಅಲ್ಪ ವಿದ್ಯುತ್ತನ್ನು ಹೀರುತ್ತಲೇ ಇರುವುದು ಇದಕ್ಕೆ ಒಂದು ಕಾರಣ. 4.5 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯಿಂದ 10 ಮಿಲಿಆಂಪಿಯರ್ ಸೋರಿದರೆ ಅದು 19 ದಿನಗಳೊಳಗೆ ಬರಿದಾಗುತ್ತದೆ. 1 ಮಿಲಿಆಂಪಿಯರ್ ಸೋರಿದರೆ ಸುಮಾರು 6 ತಿಂಗಳು ಬಾಳುತ್ತದೆ. ಸೀಸ-ಆಮ್ಲ ಬ್ಯಾಟರಿ ಬಹುಕಾಲ ಬರಿದಾಗಿಯೇ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಬಳಿಕ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಶಕ್ತಿ ಬಾರದು.

ಈ ಸೋರಿಕೆಯನ್ನು ಪತ್ತೆ ಹಚ್ಚುವ ಸೂಚಕವೊಂದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ತಯಾರಿಸಬಹುದಾಗಿದೆ.

ತತ್ವವೇನು?

ಟಾರ್ಚಿನ ಹಳೆಯ ಬಲ್ಬ್ ಬೆಳಗಲು ನೂರಾರು ಮಿಲಿಆಂಪಿಯರ್ ಬೇಕು. ಎಲ್‌ಇಡಿಗೆ ಒಂದೆರಡು ಮಿಲಿಆಂಪಿಯರ್ ಸಾಕು. ಅದಕ್ಕಿಂತಲೂ ಕಡಿಮೆ ಪ್ರವಾಹವನ್ನು ತೋರಿಸಬೇಕಾದರೆ ಟ್ರಾನ್ಸಿಸ್ಟರಿನ ನೆರವು ಅಗತ್ಯ. ಎರಡು ಟ್ರಾನ್ಸಿಸ್ಟರುಗಳನ್ನು ಒಂದರ ಬೆನ್ನಿಗೆ ಒಂದು ಕಟ್ಟುವ ಕ್ರಮವನ್ನು 1953ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸಿಡ್ನಿ ಡಾರ್ಲಿಂಗ್ಟನ್ ರೂಪಿಸಿದರು. ಒಂದರ ವರ್ಧನೆ 200 ಪಟ್ಟು ಎಂದುಕೊಂಡರೆ ಜೋಡಿಯದು 40 ಸಾವಿರ ಪಟ್ಟು.

ಈ ಜೋಡಿ ಎಚ್ಚರಗೊಳ್ಳಲು ಸುಮಾರು 1.2 ವೋಲ್ಟ್ ಬೇಕು. ಅಳೆಯಬೇಕಾದ ಪ್ರವಾಹವನ್ನು 1.2 ಕಿಲೋಓಮ್ ರೋಧಕದ ಮೂಲಕ ಹಾಯಿಸಿದರೆ, ಓಮನ ನಿಯಮದಂತೆ 1 ಮಿಲಿಆಂಪಿಯರಿಗೆ ಸರಿಯಾಗಿ 1.2 ವೋಲ್ಟ್ ಏರ್ಪಟ್ಟು ದೀಪ ಹೊತ್ತುತ್ತದೆ. ರೋಧಕ 12 ಕಿಲೋಓಮ್ ಆದರೆ 0.1 ಮಿಲಿಆಂಪಿಯರಿಗೆ, 120 ಕಿಲೋಓಮ್ ಆದರೆ 0.01 ಮಿಲಿಆಂಪಿಯರಿಗೆ ದೀಪ ಬೆಳಗುವುದು.

ಜೋಡಣೆ ಹೇಗೆ?

ಬೇಕಾಗುವ ಸಾಮಗ್ರಿ: ಎರಡು ಬಿಸಿ 547 ಟ್ರಾನ್ಸಿಸ್ಟರ್, ಒಂದು ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ, ಮೇಲೆ ಹೇಳಿದ ಮೂರು ರೋಧಕಗಳು, 680 ಓಮ್ ಹಾಗೂ 10 ಕಿಲೋಓಮ್ ರೋಧಕ ತಲಾ ಒಂದು, ಮೂರು ನೆಲೆಯ ಸ್ವಿಚ್, ಕೆಂಪು ಮತ್ತು ಕಪ್ಪು ತಂತಿ.

ಬಿಸಿ 547ರ ಚಪ್ಪಟೆ ಮುಖವನ್ನು ಎದುರಿಗೆ, ಕಾಲುಗಳನ್ನು ಕೆಳಕ್ಕೆ ಹಿಡಿದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್ ಬರುತ್ತವೆ. ಎರಡರ ಕಲೆಕ್ಟರುಗಳನ್ನೂ ಕೂಡಿಸಿ ಎಲ್‌ಇಡಿಯ ಗಿಡ್ಡ ಕಾಲಿಗೆ ಸೇರಿಸಬೇಕು. ಎಲ್‌ಇಡಿಯ ಉದ್ದ ಕಾಲು 680 ಓಮ್ ಮೂಲಕ ಬ್ಯಾಟರಿಯ ಧನಾಗ್ರಕ್ಕೆ ಹೋಗಬೇಕು. ಮೊದಲನೆಯದರ ಎಮಿಟರ್ ಎರಡನೆಯದರ ಬೇಸಿಗೆ, ಎರಡನೆಯದರ ಎಮಿಟರ್ ಬ್ಯಾಟರಿಯ ಋಣಾಗ್ರಕ್ಕೆ ಸೇರಬೇಕು. ಕೆಂಪು ತಂತಿ 10 ಕಿಲೋಓಮ್ ಮೂಲಕ ಮೊದಲನೆಯದರ ಬೇಸಿಗೆ, ಕಪ್ಪು ತಂತಿ ನೇರವಾಗಿ ಋಣಾಗ್ರಕ್ಕೆ. ಸ್ವಿಚ್ ಆರಿಸುವ ರೋಧಕ ಈ ಎರಡು ತಂತಿಗಳ ನಡುವೆ ಇರಬೇಕು.

ಪರೀಕ್ಷೆಗೆ ಅದೇ ಬ್ಯಾಟರಿಯ ಧನಾಗ್ರದಿಂದ 470 ಕಿಲೋಓಮ್ ಮೂಲಕ ಕೆಂಪು ತಂತಿಯನ್ನು ಮುಟ್ಟಿಸಬೇಕು. 120 ಕಿಲೋಓಮ್ ನೆಲೆಯಲ್ಲಿ ಮಾತ್ರ ದೀಪ ಬೆಳಗಿದರೆ ಜೋಡಣೆ ಸರಿ ಎಂದರ್ಥ.

ಬಳಕೆಯ ಕ್ರಮ

ಕಂದೀಲನ್ನು ಆರಿಸಿ, ಬ್ಯಾಟರಿಯ ಧನಾಗ್ರದ ತಂತಿಯನ್ನು ಬಿಚ್ಚಬೇಕು. ಸೂಚಕದ ಕೆಂಪು ತಂತಿಯನ್ನು ಧನಾಗ್ರಕ್ಕೆ, ಕಪ್ಪನ್ನು ಬಿಚ್ಚಿದ ತಂತಿಗೆ ಹಿಡಿಯಬೇಕು. 1.2 ಕಿಲೋಓಮ್ ನೆಲೆಯಲ್ಲೇ ದೀಪ ಹೊತ್ತಿದರೆ ಸೋರಿಕೆ 1 ಮಿಲಿಆಂಪಿಯರಿಗಿಂತ ಹೆಚ್ಚು. ಊರು ಬಿಡುವ ಮುನ್ನ ತಂತಿ ಬಿಚ್ಚಿಡುವುದೇ ಲೇಸು. 12 ಕಿಲೋಓಮ್ ನೆಲೆಯಲ್ಲೂ ಹೊತ್ತದಿದ್ದರೆ ಚಿಂತೆಗೆ ಕಾರಣವಿಲ್ಲ.

ಇದು ಮೀಟರಿಗೆ ಪರ್ಯಾಯವಲ್ಲ. ಸೂಚಕವೇ 1.2 ವೋಲ್ಟ್ ತಿನ್ನುವುದರಿಂದ 1.5 ವೋಲ್ಟಿನ ಒಂಟಿ ಸೆಲ್ ಬಳಸುವ ಸಾಧನಗಳಿಗೆ ಹೊಂದದು. ತಾಪಮಾನ ಒಂದು ಡಿಗ್ರಿ ಏರಿದಂತೆ ಜೋಡಿಯ ಮಿತಿ ಸುಮಾರು 4 ಮಿಲಿವೋಲ್ಟ್ ಇಳಿಯುವ ಕಾರಣ, 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಶೇ 5ರಷ್ಟು ವ್ಯತ್ಯಾಸ ಸಹಜ.

ಎಚ್ಚರಿಕೆ

ಮನೆಯ 230 ವೋಲ್ಟ್ ವಿದ್ಯುತ್ತಿಗಾಗಲಿ, ಪಂಪ್‌ಸೆಟ್ಟಿನ ಸ್ಟಾರ್ಟರಿಗಾಗಲಿ ಈ ಸೂಚಕವನ್ನು ಎಂದಿಗೂ ತಾಗಿಸಬಾರದು. 1.2 ಕಿಲೋಓಮ್ ರೋಧಕದ ಮೇಲೆ 230 ವೋಲ್ಟ್ ಬಿದ್ದರೆ 44 ವಾಟ್ ಶಾಖ ಹುಟ್ಟುತ್ತದೆ. ಕಾಲು ವಾಟಿನ ರೋಧಕ ಕ್ಷಣದಲ್ಲಿ ಸುಟ್ಟುಹೋಗುವುದಲ್ಲದೆ, ತಂತಿ ಹಿಡಿದವರ ಪ್ರಾಣಕ್ಕೂ ಸಂಚಕಾರ. ಹಿನ್ನೀರಿನ ದಂಡೆಯ ಮೋಟಾರುಗಳ ಸೋರಿಕೆಗೆ ಸರಿಯಾದ ಭೂಸಂಪರ್ಕ ಹಾಗೂ ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿಯೇ ರಕ್ಷೆ. ಮನುಷ್ಯರ ರಕ್ಷಣೆಗೆ ಬಳಸುವ ಆರ್‌ಸಿಸಿಬಿಯ ಮಿತಿ 30 ಮಿಲಿಆಂಪಿಯರ್. ಆ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸತಕ್ಕದ್ದು.