ಅರ್ಜಿಗೆ ಮುನ್ನ ಓದು

ಪತ್ರಿಕೆಯಲ್ಲಿ ಉದ್ಯೋಗದ ಪ್ರಕಟಣೆ ಬಂದ ದಿನ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಬಗೆಯ ಸಂಭ್ರಮ ಹುಟ್ಟುತ್ತದೆ. ಹುದ್ದೆಗಳ ಸಂಖ್ಯೆ ಎಷ್ಟು, ಸಂಬಳವೆಷ್ಟು, ಕೊನೆಯ ದಿನ ಯಾವುದು - ಈ ಮೂರನ್ನು ಗಟ್ಟಿಯಾಗಿ ಓದಿ, ಮಿಕ್ಕದ್ದನ್ನು ಮಡಿಸಿಟ್ಟು, ಅರ್ಜಿ ಸಲ್ಲಿಸುವ ಸಿದ್ಧತೆ ಆರಂಭವಾಗುತ್ತದೆ. ತಿಂಗಳುಗಳ ತರುವಾಯ, ಪರೀಕ್ಷೆ ಮುಗಿದು ದಾಖಲೆಗಳ ಪರಿಶೀಲನೆಯ ಘಟ್ಟದಲ್ಲಿ, ಮಡಿಸಿಟ್ಟ ಆ ಭಾಗವೇ ಎದ್ದು ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸ್ಪರ್ಧೆಯಲ್ಲಿ ಸೋತವನಿಗೆ ಮತ್ತೊಮ್ಮೆ ಪ್ರಯತ್ನಿಸುವ ಛಲವಾದರೂ ಉಳಿದಿರುತ್ತದೆ. ಗೆದ್ದ ಮೇಲೆ ಓದದ ಒಂದು ವಾಕ್ಯದಿಂದ ಸೋತವನ ಸಂಕಟಕ್ಕೆ ಸಮಾಧಾನವೇ ಇಲ್ಲ.

ಉದ್ಯೋಗದ ಪ್ರಕಟಣೆ ಕಥೆಯಲ್ಲ. ಅದನ್ನು ಮೊದಲಿನಿಂದ ಕೊನೆಯವರೆಗೆ ಸರಸರನೆ ಓದಿಕೊಂಡು ಹೋದರೆ ಪ್ರಯೋಜನವಿಲ್ಲ. ಅದು ಒಂದು ಕರಾರುಪತ್ರದಂತೆ. ಬೇಕಾದ ಸ್ಥಳವನ್ನು ಮೊದಲು ತೆರೆದು, ತನಗೆ ಸಲ್ಲದೆಂದು ತಿಳಿದೊಡನೆ ಕೆಳಗಿಟ್ಟು, ಸಲ್ಲುವುದನ್ನು ಮಾತ್ರ ನಿಧಾನವಾಗಿ ಓದುವುದು ಜಾಣತನ. ಹತ್ತು ಪ್ರಕಟಣೆಗಳಲ್ಲಿ ಎಂಟನ್ನು ಹತ್ತು ಹತ್ತು ನಿಮಿಷಗಳಲ್ಲಿ ಬದಿಗಿಡಬಲ್ಲವನಿಗೆ ಉಳಿದ ಎರಡಕ್ಕೆ ಸಾಕಷ್ಟು ವೇಳೆಯೂ ಶುಲ್ಕದ ಹಣವೂ ಉಳಿಯುತ್ತವೆ.

ದಿನಾಂಕದ ಮಹಿಮೆ

ಮೊದಲು ನೋಡಬೇಕಾದದ್ದು ವಿದ್ಯಾರ್ಹತೆ. ಅದರೊಡನೆಯೇ, ಆ ಅರ್ಹತೆ ಯಾವ ದಿನಾಂಕಕ್ಕೆ ಕೈಯಲ್ಲಿರಬೇಕೆಂಬುದು. "ಪರೀಕ್ಷೆ ಬರೆದಾಗಿದೆ, ಫಲಿತಾಂಶ ಇನ್ನೇನು ಬರುತ್ತದೆ" ಎಂಬ ಧೈರ್ಯದ ಮೇಲೆ ಅರ್ಜಿ ಹಾಕುವವರು ಬಹಳ. ಜಮ್ಮು ಕಾಶ್ಮೀರದ ಕಿರಿಯ ಇಂಜಿನಿಯರುಗಳ ನೇಮಕದಲ್ಲಿ ಹೀಗೆಯೇ ಆಯಿತು. ಅರ್ಜಿಯ ಕೊನೆಯ ದಿನ ಕಳೆದ ಮೇಲೆ, ಸಂದರ್ಶನಕ್ಕೆ ಮುನ್ನ ಕೆಲವರ ಫಲಿತಾಂಶ ಬಂದಿತು. ಅಶೋಕ್ ಕುಮಾರ್ ಶರ್ಮ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ತತ್ತ್ವವನ್ನು ಖಚಿತಪಡಿಸಿತು: ಅರ್ಜಿಗೆ ಕೊನೆಯ ದಿನವೆಂದು ಗೊತ್ತುಮಾಡಿದ ದಿನಾಂಕದಂದು ಯಾರಿಗೆ ಅರ್ಹತೆ ಉಂಟೋ ಅವರೇ ಅರ್ಹರು, ಅನಂತರ ಬಂದ ಪದವಿ ಲೆಕ್ಕಕ್ಕಿಲ್ಲ. ಬೇರೆ ದಿನಾಂಕವನ್ನು ಪ್ರಕಟಣೆಯೇ ಹೇಳಿದ್ದರೆ ಆ ಮಾತು ಬೇರೆ. ಆದ್ದರಿಂದ ವಯೋಮಿತಿ, ವಿದ್ಯಾರ್ಹತೆ, ಪ್ರಮಾಣಪತ್ರ - ಪ್ರತಿಯೊಂದರ ಎದುರಿನ ದಿನಾಂಕಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುವುದು ಮೊದಲ ಕೆಲಸ.

ಎರಡನೆಯದು, ಪದಗಳ ತೂಕ. "ಹೊಂದಿರತಕ್ಕದ್ದು" ಎಂಬುದಕ್ಕೂ "ಹೊಂದಿದ್ದಲ್ಲಿ ಆದ್ಯತೆ" ಎಂಬುದಕ್ಕೂ ಅಜಗಜಾಂತರ. ಮೊದಲನೆಯದು ಬಾಗಿಲು, ಎರಡನೆಯದು ಬಾಗಿಲೊಳಗಿನ ಮಣೆ. ಹಾಗೆಯೇ "ಕಡಮೆ ಓದು ಕೇಳಿದ್ದಾರೆ, ನಮ್ಮ ಹುಡುಗ ಹೆಚ್ಚು ಓದಿದ್ದಾನೆ" ಎಂದು ತಂದೆತಾಯಿಗಳು ಹಿಗ್ಗುವುದುಂಟು. ಈ ಹಿಗ್ಗೂ ಎಲ್ಲ ಕಡೆ ಸಲ್ಲದು. ವಿದ್ಯುತ್ ಇಲಾಖೆಯೊಂದರ ತಾಂತ್ರಿಕ ಹುದ್ದೆಗೆ ಮೆಟ್ರಿಕ್ಯುಲೇಷನ್ನೂ ಸಂಬಂಧಪಟ್ಟ ಐ.ಟಿ.ಐ.ಯೂ ಬೇಕೆಂದು ಕೇಳಿದ್ದಲ್ಲಿ ಡಿಪ್ಲೊಮಾ ಪಡೆದವರು ಅರ್ಜಿ ಹಾಕಿದ್ದರು. ಹೆಚ್ಚಿನ ವಿದ್ಯೆಯಲ್ಲಿ ಕಡಮೆಯದು ತಾನಾಗಿಯೇ ಅಡಗಿದೆಯೆಂದು ಭಾವಿಸಲು, ನಿಯಮವೇ ಹಾಗೆ ಹೇಳದ ಹೊರತು, ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. "ತತ್ಸಮಾನ" ಎಂಬ ಪದ ಕಂಡಲ್ಲಿಯೂ ಇದೇ ಎಚ್ಚರಿಕೆ ಬೇಕು: ಸಮಾನವೋ ಅಲ್ಲವೋ ಎಂಬುದನ್ನು ನಿರ್ಧರಿಸುವವರು ಅಭ್ಯರ್ಥಿಯ ಗೆಳೆಯರಲ್ಲ.

ಹಳ್ಳಿಯ ಮನೆ, ಹಳ್ಳಿಯ ಶಾಲೆ

ಮೂರನೆಯದು, ಒಟ್ಟು ಸಂಖ್ಯೆಯ ಮೋಹವನ್ನು ಬಿಟ್ಟು ತನ್ನ ಅಂಕಣವನ್ನು ಹುಡುಕುವುದು. ಇದಕ್ಕೆ ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಒಬ್ಬ ತರುಣಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಹೊರಟಾಗ ಊರೂರಲ್ಲಿಯೂ ಕೇಳಿಬಂದದ್ದು ಆ 'ಸಾವಿರ' ಎಂಬ ಮಾತೇ. ಆದರೆ ಆ ಹುದ್ದೆಗಳು ಜಿಲ್ಲೆವಾರು ಹಂಚಿಹೋಗಿದ್ದವು. ಜಿಲ್ಲೆಯೊಳಗೆ ಮತ್ತೆ ವರ್ಗವಾರು. ಸಂವಿಧಾನದ 371-ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಸ್ಥಳೀಯರಿಗೆ ಪ್ರತ್ಯೇಕ ಮೀಸಲಾತಿ ಇರುವುದರಿಂದ, ರಾಜ್ಯದ ಅಧಿಸೂಚನೆಗಳಲ್ಲಿ ಆ ಹುದ್ದೆಗಳನ್ನು ಬೇರೆ ತೋರಿಸಿ, ಮಿಕ್ಕವನ್ನು 'ಉಳಿಕೆ ಮೂಲ ವೃಂದ'ವೆಂದು ಕರೆಯುವುದು ರೂಢಿ. ಮಾಗಡಿಯವರು ಮೊದಲು ನೋಡಬೇಕಾದದ್ದು ಈ ಉಳಿಕೆಯ ಪಟ್ಟಿಯನ್ನು.

ಅನಂತರ ಮೀಸಲಾತಿಯ ಉಪಭಾಗಗಳು. ರಾಜ್ಯದ ನೇರ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಹುದ್ದೆಗಳು ಮೀಸಲು. 'ಗ್ರಾಮೀಣ' ಎಂದರೆ ಏನು? ಊರಿನಲ್ಲಿ ಮನೆ ಇದ್ದರೆ, ಪಡಿತರ ಚೀಟಿಯಲ್ಲಿ ಹಳ್ಳಿಯ ಹೆಸರಿದ್ದರೆ, ಅಜ್ಜನ ಹೆಸರಿನಲ್ಲಿ ಪಹಣಿ ಇದ್ದರೆ ಸಾಕೆಂದು ನಗರವಾಸಿಗಳಾದ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿರಬೇಕು. ಗುಡೇಮಾರನಹಳ್ಳಿಯಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಹತ್ತು ವರ್ಷ ಓದಿದ ಹುಡುಗಿಗೆ ಇದು ಸಲ್ಲುತ್ತದೆ. ಆಕೆಯ ತಂಗಿ ಅದೇ ಮನೆಯಲ್ಲಿ ಬೆಳೆದೂ, ಪ್ರೌಢಶಾಲೆಗೆ ಮಾತ್ರ ಬಸ್ಸಿನಲ್ಲಿ ಮಾಗಡಿ ಪುರಸಭೆಯ ಎಲ್ಲೆಯೊಳಗಿನ ಶಾಲೆಗೆ ಹೋಗಿ ಬಂದಿದ್ದರೆ, ಅದು ಸಲ್ಲುವುದಿಲ್ಲ. ಒಂದೇ ಅಡುಗೆಮನೆಯ ಊಟ, ಒಂದೇ ಹಟ್ಟಿಯ ಹಾಲು. ಆದರೂ ಪ್ರಕಟಣೆಯ ಕಣ್ಣಿಗೆ ಇಬ್ಬರೂ ಬೇರೆ ಬೇರೆ. ಕನ್ನಡ ಮಾಧ್ಯಮದ ಲೆಕ್ಕವೂ ಒಂದರಿಂದ ಹತ್ತರವರೆಗಿನದೇ. ತಂಗಿಯ ಎರಡೂ ಶಾಲೆಗಳು ಕನ್ನಡದವೇ ಆಗಿದ್ದರೆ, ಒಂದು ಅಂಕಣ ಕೈತಪ್ಪಿದರೂ ಇನ್ನೊಂದು ಆಕೆಗಾಗಿ ತೆರೆದಿರುತ್ತದೆ. ಓದದವರಿಗೆ ಎರಡೂ ಕಾಣುವುದಿಲ್ಲ.

ಇವಕ್ಕೆಲ್ಲ ಪ್ರಮಾಣಪತ್ರ ಬೇಕು. ಅದೂ ಅಧಿಸೂಚನೆ ಹೇಳಿದ ನಮೂನೆಯಲ್ಲಿ, ಹೇಳಿದ ದಿನಾಂಕದೊಳಗೆ ಪಡೆದದ್ದು. ಶಾಲೆಯಿಂದ ಶಾಲೆಗೆ ಅಲೆದು ಮುಖ್ಯೋಪಾಧ್ಯಾಯರ ರುಜು ಪಡೆಯುವುದಕ್ಕೆ ಎಷ್ಟು ದಿನ ಹಿಡಿಯುವುದೆಂಬುದು ಅನುಭವಿಗಳಿಗೆ ಗೊತ್ತು. ಕೊನೆಯ ವಾರದಲ್ಲಿ ಓದಲು ಕುಳಿತವರಿಗೆ ಆ ದಿನಗಳು ದೊರೆಯಲಾರವು.

ಈ ಸೀಮೆಯವರಿಗೆ ಇನ್ನೊಂದು ತೊಡಕೂ ಉಂಟು. 1986ರಲ್ಲಿ ಬೆಂಗಳೂರು ಜಿಲ್ಲೆ ಇಬ್ಭಾಗವಾದಾಗ ಮಾಗಡಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು. 2007ರಲ್ಲಿ ರಾಮನಗರ ಜಿಲ್ಲೆಗೆ. 2025ರಲ್ಲಿ ಆ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂಬ ಹೆಸರಾಯಿತು. ಮನುಷ್ಯರು ನಿಂತಲ್ಲೇ ನಿಂತಿದ್ದರೂ ಜಿಲ್ಲೆ ಬದಲಾಗುತ್ತ ಬಂದಿದೆ. ತಂದೆಯ ದಾಖಲೆಯಲ್ಲಿ ಒಂದು ಹೆಸರು, ಮಗಳ ದಾಖಲೆಯಲ್ಲಿ ಮತ್ತೊಂದು. ಸಾಲದೆಂಬಂತೆ, ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣವೆಂಬ ತಾಲ್ಲೂಕೇ ಉಂಟು. ಜಿಲ್ಲೆವಾರು ಹುದ್ದೆಗಳ ಪಟ್ಟಿಯಲ್ಲಿ ಬೆರಳಿಡುವಾಗ ತಾಲ್ಲೂಕನ್ನು ಜಿಲ್ಲೆಯೆಂದೂ ಜಿಲ್ಲೆಯನ್ನು ತಾಲ್ಲೂಕೆಂದೂ ಗಣಿಸದಂತೆ ನೋಡಿಕೊಳ್ಳಬೇಕು.

ಕಾರ್ಖಾನೆಯ ಕರೆ

ಸರ್ಕಾರದ ಕೆಲಸವೇ ಎಲ್ಲರಿಗೂ ಗತಿಯಲ್ಲ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ ಬಿಡದಿಯಲ್ಲಿ ನೆಲೆಯೂರಿದ ಮೇಲೆ ಆ ಭಾಗ ಕೈಗಾರಿಕಾ ಕೇಂದ್ರವಾಗಿ ಬೆಳೆಯಿತು. ಹಾರೋಹಳ್ಳಿಯ ಕಡೆಯೂ ಕಾರ್ಖಾನೆಗಳಿವೆ. ಖಾಸಗಿ ಸಂಸ್ಥೆಗಳ ಪ್ರಕಟಣೆಗಳನ್ನು ಓದುವ ಕ್ರಮ ಸ್ವಲ್ಪ ಬೇರೆ. ಅಲ್ಲಿ ಉದ್ದವಾದ ಅಪೇಕ್ಷೆಗಳ ಪಟ್ಟಿ ಇರುತ್ತದೆ, ಅದೆಲ್ಲವೂ ಶಾಸನವಲ್ಲ. ಮುಖ್ಯವಾದ ವಿದ್ಯೆಯೂ ಕೆಲಸದ ಪರಿಚಯವೂ ಇದ್ದು, ಒಂದೆರಡು ಗುಣ ಕಡಮೆಯಾದರೆ ಅರ್ಜಿ ಹಾಕಲು ಹಿಂಜರಿಯಬೇಕಾಗಿಲ್ಲ. ಸರ್ಕಾರದ ಪ್ರಕಟಣೆಯಲ್ಲಿ ಅತಿಯಾದ ಧೈರ್ಯ ಕೆಡಿಸುವಂತೆ, ಇಲ್ಲಿ ಅತಿಯಾದ ಅಂಜಿಕೆ ಕೆಡಿಸುತ್ತದೆ.

ಇಲ್ಲಿ ಹುದ್ದೆಯ ಹೆಸರಿಗಿಂತ ಕೆಲಸದ ವಿವರಣೆಯನ್ನು ನೋಡಬೇಕು. 'ಅಧಿಕಾರಿ' ಎಂದು ಕರೆದು ದಿನವಿಡೀ ಮನೆಮನೆ ತಿರುಗಿಸುವ ಕೆಲಸವಿರಬಹುದು. 'ಸಹಾಯಕ' ಎಂದು ಕರೆದು ಒಳ್ಳೆಯ ಕಸುಬನ್ನು ಕಲಿಸುವ ಕೆಲಸವೂ ಇರಬಹುದು. ದಿನವೂ ಮಾಡಬೇಕಾದದ್ದೇನು, ಯಾರ ಕೈಕೆಳಗೆ, ಎಲ್ಲಿ, ರಾತ್ರಿಪಾಳಿ ಉಂಟೋ ಇಲ್ಲವೋ, ವಾಹನದ ಅನುಕೂಲ ಉಂಟೋ - ಇವು ಗುಡೇಮಾರನಹಳ್ಳಿಯಿಂದ ಬಿಡದಿಗೆ ಹೋಗಿಬರಬೇಕಾದವರಿಗೆ ಸಂಬಳದಷ್ಟೇ ಮುಖ್ಯ. 'ಅಪ್ರೆಂಟಿಸ್' ಎಂದಿದ್ದರೆ ಅದು ತರಬೇತಿ. ದೊರೆಯುವುದು ವೇತನವಲ್ಲ, ಶಿಷ್ಯವೇತನ. 1961ರ ಅಪ್ರೆಂಟಿಸ್ ಕಾಯಿದೆಯಡಿ ತರಬೇತಿ ಮುಗಿದ ಮಾತ್ರಕ್ಕೆ ಅದೇ ಕಾರ್ಖಾನೆಯಲ್ಲಿ ಕೆಲಸ ಖಚಿತವೆಂಬ ಭರವಸೆಯಿಲ್ಲ. 'ಗುತ್ತಿಗೆ' ಎಂದಿದ್ದರೆ ಸಂಬಳ ಕೊಡುವವರು ಯಾರು ಎಂಬುದನ್ನು ಕೇಳಿ ತಿಳಿಯಬೇಕು. ಇವನ್ನು ತಿಳಿದೂ ಸೇರುವುದು ವಿವೇಕವಿರಬಹುದು. ತಿಳಿಯದೆ ಸೇರಿ ಮೂರು ವರ್ಷದ ಮೇಲೆ ಕಣ್ಣೊರಸಿಕೊಳ್ಳುವುದು ಬೇಡ.

ಒಂದು ನೋಟ್‌ಬುಕ್ಕು

ಮನೆಯಲ್ಲಿ ಉದ್ಯೋಗಾರ್ಥಿಗಳಿದ್ದರೆ ಒಂದು ನೋಟ್‌ಬುಕ್ಕನ್ನು ಇದಕ್ಕೆಂದೇ ಇಡಬಹುದು. ಪ್ರತಿ ಪ್ರಕಟಣೆಗೂ ಒಂದು ಪುಟ. ಪುಟದಲ್ಲಿ ಐದೇ ಸಾಲು: ಅರ್ಹತೆ ಮತ್ತು ಅದರ ದಿನಾಂಕ, ವಯಸ್ಸು, ತನ್ನ ಅಂಕಣದಲ್ಲಿರುವ ಹುದ್ದೆಗಳು, ಬೇಕಾದ ಪ್ರಮಾಣಪತ್ರಗಳು, ಕೆಲಸದ ಸ್ವರೂಪ. ಮೊದಲ ಎರಡು ಸಾಲುಗಳಲ್ಲಿ 'ಇಲ್ಲ' ಎಂದು ಬಂದರೆ ಅಲ್ಲಿಗೇ ನಿಲ್ಲಿಸಬಹುದು. ಐದೂ ತುಂಬಿದರೆ ಪ್ರಕಟಣೆಯನ್ನು ಆರಂಭದಿಂದ ನಿಧಾನವಾಗಿ ಓದಿ, ಪ್ರತಿಯೊಂದನ್ನು ಜೋಪಾನವಾಗಿ ತೆಗೆದಿಡಬೇಕು. ತಿದ್ದುಪಡಿ ಹೊರಟರೆ ಅದನ್ನೂ ಅದರೊಡನೆ ಸೇರಿಸಬೇಕು.

ಪ್ರತಿಯನ್ನು ತೆಗೆದಿಡುವುದು ವ್ಯರ್ಥದ ಕೆಲಸವಲ್ಲ. ನೇಮಕಾತಿಯ ಪ್ರಕ್ರಿಯೆ ಆರಂಭವಾದ ಮೇಲೆ, ನಿಯಮಗಳೇ ಅವಕಾಶ ಕೊಡದ ಹೊರತು, ಆಟದ ನಿಯಮವನ್ನು ನಡುವೆ ಬದಲಾಯಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಎಂದರೆ, ಪ್ರಕಟಣೆ ಅಭ್ಯರ್ಥಿಯನ್ನು ಕಟ್ಟಿಹಾಕುವಂತೆಯೇ ಪ್ರಕಟಿಸಿದವರನ್ನೂ ಕಟ್ಟಿಹಾಕುತ್ತದೆ. ಅದನ್ನು ಓದಿ ಬಲ್ಲವನು ಮೇಜಿನ ಎದುರು ನಿಂತಾಗ ಅಂಗಲಾಚುವುದಿಲ್ಲ. ಇಂಥ ಪುಟದ ಇಂಥ ಖಂಡಿಕೆಯಲ್ಲಿ ಹೀಗಿದೆಯೆಂದು ವಿನಯದಿಂದಲೇ ತೋರಿಸುತ್ತಾನೆ. ಕೆಲಸ ಸಿಕ್ಕುವುದು ಬಿಡುವುದು ಸ್ಪರ್ಧೆಗೆ ಸೇರಿದ್ದು. ತನ್ನ ಹಕ್ಕು ಯಾವುದು, ಯಾವುದಲ್ಲ ಎಂಬುದನ್ನು ತಿಳಿದಿರುವುದು ಮಾತ್ರ ಪೂರ್ಣವಾಗಿ ಅವನ ಕೈಯಲ್ಲಿದೆ.